ನಿಮಗಿದು ಗೊತ್ತೆ? ದೇಶದ ಹೆದ್ದಾರಿಯೇ ಕೋಟೆಯೊಳಗೆ!

ಭೂತಾನದ ನಡುಭಾಗದಲ್ಲಿ, ಮಾಂಗ್ದೆ ಛೂ ನದಿಯ ಆಳವಾದ ಕಮರಿಯ ಅಂಚಿಗೆ ಸುಮಾರು 2,200 ಮೀಟರ್ ಎತ್ತರದಲ್ಲಿರುವ ಟ್ರೋಂಗ್ಸಾ ಪಟ್ಟಣ ಚಿಕ್ಕದಾದರೂ ಅದರ ಜೊಂಗ್, ಎಂದರೆ ಆಡಳಿತ ಕಚೇರಿ ಮತ್ತು ಬೌದ್ಧ ವಿಹಾರಗಳೆರಡೂ ಒಂದೇ ಗೋಡೆಯೊಳಗಿರುವ ಕೋಟೆ, ಆ ದೇಶದ ಅತಿ ದೊಡ್ಡ ಜೊಂಗ್‌ಗಳಲ್ಲಿ ಒಂದಾಗಿದೆ. 1543ರಲ್ಲಿ ಲಾಮಾ ನಗಿ ವಾಂಗ್‌ಚುಕ್ ಕಟ್ಟಿಸಿದ ಸಣ್ಣ ಗುಡಿಯ ನೆಲೆಯಲ್ಲಿ 1647ರಲ್ಲಿ ಈ ಕೋಟೆಯನ್ನು ಎಬ್ಬಿಸಲಾಯಿತು. ಪೂರ್ವ ಮತ್ತು ಪಶ್ಚಿಮ ಭೂತಾನಗಳನ್ನು ಬೆಸೆಯುತ್ತಿದ್ದ ಹಳೆಯ ಕಾಲುಹಾದಿ ಇದರ ಅಂಗಳದ ಮೂಲಕವೇ ಸಾಗುತ್ತಿದ್ದುದರಿಂದ, ಹೆಬ್ಬಾಗಿಲು ಮುಚ್ಚಿದರೆ ದೇಶವೇ ಇಬ್ಭಾಗವಾಗುತ್ತಿತ್ತು. ಇಲ್ಲಿನ ಪೆನ್ಲೋಪ್, ಅರ್ಥಾತ್ ಪ್ರಾಂತಾಧಿಪತಿ, ಅಷ್ಟು ಪ್ರಬಲನಾದುದಕ್ಕೆ ಶೌರ್ಯಕ್ಕಿಂತ ಈ ಬಾಗಿಲೇ ಹೆಚ್ಚು ಕಾರಣವೆನ್ನಬಹುದು. 1907ರಲ್ಲಿ ಭೂತಾನದ ಮೊದಲ ರಾಜನಾದ ಉಗ್ಯೆನ್ ವಾಂಗ್‌ಚುಕ್ ಟ್ರೋಂಗ್ಸಾದ ಪೆನ್ಲೋಪನೇ ಆಗಿದ್ದನು. ಸಿಂಹಾಸನವೇರುವ ಮುನ್ನ ಯುವರಾಜನು ಈ ಪದವಿಯನ್ನು ಸ್ವೀಕರಿಸುವ ಸಂಪ್ರದಾಯ ಉಳಿದುಬಂದಿದ್ದು, ಇಂದಿನ ರಾಜ ಜಿಗ್ಮೆ ಖೇಸರ್ ಅವರು 2004ರಲ್ಲಿ ಅದನ್ನು ಪಡೆದರು.

1897ರ ಭೂಕಂಪದಲ್ಲಿ ಹಾನಿಗೊಂಡ ಕೋಟೆಯನ್ನು ದುರಸ್ತಿ ಮಾಡಲಾಯಿತು. ಮೇಲಿನ ಗುಡ್ಡದಲ್ಲಿರುವ ತಾ ಜೊಂಗ್ ಎಂಬ ಕಾವಲು ಗೋಪುರ 2008ರಿಂದ ವಸ್ತುಸಂಗ್ರಹಾಲಯವಾಗಿದೆ. ಕೋಟೆಯ ಬೆಳವಣಿಗೆಯನ್ನು ತಿಳಿಯಬಯಸುವವರು ಮೊದಲು ಅಲ್ಲಿಗೆ ಹೋಗುವುದೇ ಲೇಸು. ಕೋಟೆಯನ್ನು ಪ್ರವೇಶಿಸುವವರು ಮೈಮುಚ್ಚುವ ಉಡುಪು ಧರಿಸಿ, ಟೋಪಿ ತೆಗೆದಿರಬೇಕು. ಭಾರತೀಯರಿಗೆ ಭೂತಾನಕ್ಕೆ ವೀಸಾ ಬೇಕಿಲ್ಲವಾದರೂ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಿ ಪರವಾನಗಿ ಪಡೆಯುವುದು ಕಡ್ಡಾಯವಾಗಿದೆ.