ಪುಕ್ಕಟೆ ಕೋಡ್‌ಗೂ ಒಡೆತನವೇ?

ಪ್ರಶ್ನೆ: ಓಪನ್ ಸೋರ್ಸ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದಲ್ಲ? ಮತ್ತೆ ಕೃತಿಸ್ವಾಮ್ಯದ ಮಾತೇಕೆ?

ಉತ್ತರ: ಕೃತಿಸ್ವಾಮ್ಯ ಇರುವುದರಿಂದಲೇ ಓಪನ್ ಸೋರ್ಸ್ ಲೈಸೆನ್ಸ್‌ಗೆ ಬೆಲೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ (ಕವಿಗಳು ಬೇಸರಿಸಬಾರದು). ಬರೆದ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಲೈಸೆನ್ಸ್ ಎಂದರೆ ಹಕ್ಕುದಾರರು ಷರತ್ತು ಹಾಕಿ ಕೊಟ್ಟ ಅನುಮತಿ.

ಷರತ್ತು ಮುರಿದರೆ? ಅಮೆರಿಕದಲ್ಲಿ ಈ ಪ್ರಶ್ನೆ ಕೋರ್ಟು ಹತ್ತಿದ್ದು ಪುಟಾಣಿ ಮಾದರಿ ರೈಲುಗಳಿಂದ! ಅವುಗಳ ಚಿಪ್‌ಗಳನ್ನು ಹೊಂದಿಸುವ ತಂತ್ರಾಂಶವನ್ನು ರಾಬರ್ಟ್ ಜೇಕಬ್‌ಸನ್ ಎಂಬ ಭೌತಶಾಸ್ತ್ರ ಪ್ರಾಧ್ಯಾಪಕರು ಸಂಗಡಿಗರ ಜೊತೆ ಬರೆದು, 'ಆರ್ಟಿಸ್ಟಿಕ್ ಲೈಸೆನ್ಸ್' ಅಡಿ ಪುಕ್ಕಟೆ ಹಂಚಿದ್ದರು. ಮ್ಯಾಥ್ಯೂ ಕಾಟ್ಜರ್ ಅವರ ಕಂಪನಿ ಅದರ ಕಡತಗಳನ್ನು ತನ್ನ ಉತ್ಪನ್ನಕ್ಕೆ ಬಳಸಿಕೊಂಡಿತು. ಲೇಖಕರ ಹೆಸರು, ಕೃತಿಸ್ವಾಮ್ಯದ ಸೂಚನೆ, ಮಾಡಿದ ಬದಲಾವಣೆಗಳ ವಿವರ ಯಾವುದನ್ನೂ ಕೊಡಲಿಲ್ಲ ಎಂಬುದು ದೂರು. ಇದು ಹೆಚ್ಚೆಂದರೆ ಕರಾರು ಭಂಗ ಎಂದು ಕೆಳ ಕೋರ್ಟು ತಡೆಯಾಜ್ಞೆ ನಿರಾಕರಿಸಿತು. ಪೇಚಿನ ಮಾತು: ದುಡ್ಡನ್ನೇ ಕೇಳದವರು ಕರಾರಿನ ದಾವೆಯಲ್ಲಿ ಎಷ್ಟು ನಷ್ಟ ತೋರಿಸಬಲ್ಲರು? 2008ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಷರತ್ತು ಮೀರಿ ನಕಲು ಮಾಡಿ ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ ಆಗಬಹುದು, ಹಣ ಪಡೆಯದಿದ್ದರೂ ಲೇಖಕರಿಗೆ ಬೇರೆ ಬಗೆಯ ಲಾಭವಿದೆ ಎಂದಿತು.

ನೀವು ಮನೆಯಲ್ಲಿ ಕೂತು ಬಳಸುವುದಕ್ಕೆ ಇದ್ಯಾವುದೂ ಅಡ್ಡಿಯಲ್ಲ. ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಅಡಿ ಬಂದ ಕೋಡನ್ನು ತಿದ್ದಿ ನಿಮ್ಮಲ್ಲೇ ಇಟ್ಟುಕೊಂಡರೂ ಸರಿ. ಇನ್ನೊಬ್ಬರಿಗೆ ಹಂಚಿದರೆ ಮಾತ್ರ ತಿದ್ದಿದ ಮೂಲ ಕೋಡನ್ನೂ ಅದೇ ಲೈಸೆನ್ಸ್ ಅಡಿ ಕೊಡಬೇಕು.