ಹಿತ್ತಲಿಗೆ ಬರಲಿ ಬುಡ್ಡೆ ಹಣ್ಣು

'ಹಿತ್ತಲ ಗಿಡ ಮದ್ದಲ್ಲ' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನೆಯ ಹಿಂದೆಯೇ ಬೆಳೆದು ನಿಂತುದರ ಬೆಲೆ ಮನೆಯವರಿಗೆ ತಿಳಿಯದು ಎಂಬುದು ಅದರ ತಾತ್ಪರ್ಯ. ಆದರೆ ಹಿತ್ತಲಲ್ಲಿಯೂ ಇಲ್ಲದೆ, ಹೊಲದ ಬದುವಿನಲ್ಲಿಯೂ ಇಲ್ಲದೆ, ಮಕ್ಕಳ ಬಾಯಲ್ಲಿ ಹೆಸರೂ ಉಳಿಯದೆ ಮರೆಯಾಗುತ್ತಿರುವ ಹಣ್ಣೊಂದರ ಬಗ್ಗೆ ಯಾವ ಗಾದೆ ಹೇಳೋಣ?

ಅಕ್ಕಲಕೋಟೆ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ಒಂದು ದಿನ ಕಾಗದದಂಥ ಬುಡ್ಡೆಯೊಳಗೆ ಅಡಗಿದ್ದ ಹಳದಿ ಹಣ್ಣೊಂದನ್ನು ನಾಲ್ಕನೆಯ ಇಯತ್ತೆಯ ಮಕ್ಕಳ ಮುಂದೆ ಹಿಡಿದು, "ಇದೇನು ಹೇಳಿರಿ" ಎಂದು ಕೇಳಿದೆವು. ಸೊಲ್ಲಾಪುರದ ಪೇಟೆ ಕಂಡಿದ್ದ ಹುಡುಗನೊಬ್ಬ 'ರಸಭರಿ' ಎಂದ. ಇನ್ನೊಬ್ಬಳು ಮರಾಠಿಯಲ್ಲಿ 'ಚಿರಬೋಟಿ' ಎಂದಳು. ಉಳಿದವರು ಸುಮ್ಮನಿದ್ದರು. ಕೊನೆಗೆ ಹಿಂದಿನ ಸಾಲಿನಿಂದ, ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಒಂದು ಹುಡುಗಿ ಎದ್ದು ನಿಂತು, "ಬುಡ್ಡಿ ಹಣ್ರೀ ಗುರುಗಳೇ, ನಮ್ಮ ಅಜ್ಜಿ ಹೇಳ್ಯಾಳ" ಎಂದಳು. ಇಡೀ ವರ್ಗದಲ್ಲಿ ಕನ್ನಡದ ಹೆಸರು ಬಲ್ಲವಳು ಅವಳೊಬ್ಬಳೇ. ಕೆಲವು ಕಡೆ ಇದನ್ನು ಗುಪ್ಪಟೆ ಹಣ್ಣು ಎಂದೂ ಕರೆಯುವುದುಂಟು. ಮರಾಠಿಯ ಹೆಸರಾಗಲಿ, ಪೇಟೆಯ ಹೆಸರಾಗಲಿ ತಪ್ಪಲ್ಲ. ಗಡಿಯಲ್ಲಿರುವ ನಾವು ಎರಡೂ ಭಾಷೆಗಳ ಅನ್ನ ಉಂಡವರು. ಆದರೆ ಹೆಸರು ಮರೆತ ಹಣ್ಣನ್ನು ಯಾರೂ ಹುಡುಕುವುದಿಲ್ಲ, ಹುಡುಕದ ಹಣ್ಣು ಬಹುಕಾಲ ಉಳಿಯುವುದಿಲ್ಲ. ಆದ್ದರಿಂದ ಈ ಲೇಖನ.

ಹೊಲದಿಂದ ಹೊರಟುಹೋದುದು ಹೇಗೆ?

ನಮ್ಮ ಬಾಲ್ಯದಲ್ಲಿ ಈ ಹಣ್ಣನ್ನು ಯಾರೂ ಬೆಳೆಸುತ್ತಿರಲಿಲ್ಲ. ಅದು ತಾನಾಗಿ ಬೆಳೆಯುತ್ತಿತ್ತು. ನಮ್ಮದು ಮಳೆ ಕಡಿಮೆಯ ನಾಡು. ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಬಿದ್ದರೆ ಅದೇ ಭಾಗ್ಯ, ಅದರಲ್ಲಿಯೂ ಹೆಚ್ಚಿನದು ಹಿಂಗಡೆ ಬರುವಂಥದು. ಆದ್ದರಿಂದ ಎರೆ ಹೊಲಗಳನ್ನು ಮುಂಗಾರಿನಲ್ಲಿ ಬಿತ್ತದೆ ಬಿಟ್ಟು, ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತುವ ಪದ್ಧತಿ ಬಹಳ ಹಿಂದಿನಿಂದ ನಡೆದು ಬಂದಿತ್ತು. ಹೀಗೆ ಬಿಡುವಾಗಿದ್ದ ನೆಲದ ಅಂಚಿನಲ್ಲಿ, ಕುಂಟೆ ಮುಟ್ಟದ ಬದುಗಳಲ್ಲಿ ಬುಡ್ಡೆ ಗಿಡಗಳು ಮೊಣಕಾಲೆತ್ತರ ಬೆಳೆದು, ಶ್ರಾವಣ ಕಳೆಯುವ ಹೊತ್ತಿಗೆ ಕಾಯಿ ಬಿಡುತ್ತಿದ್ದವು. ದನ ಕಾಯುವ ಹುಡುಗರಿಗೆ ಅದೇ ಫಲಾಹಾರ. ತಿಂದು ಉಳಿದ ಬುಡ್ಡೆಗಳಲ್ಲಿ ಗಾಳಿ ತುಂಬಿದುದನ್ನು ಆರಿಸಿ, ಗೆಳೆಯನ ಹಣೆಗೆ ಬಡಿದು 'ಪಟ್' ಎನಿಸುವುದು ನಮ್ಮ ಆಟವಾಗಿತ್ತು.

ಈಗ ಕಾಲ ಬದಲಾಗಿದೆ. ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡ ಮೇಲೆ ಜಿಲ್ಲೆಯಲ್ಲಿ ಕಬ್ಬು ಹಬ್ಬಿತು. ನೀರಿಲ್ಲದ ಕಡೆಯೂ ಮುಂಗಾರಿನಲ್ಲಿ ಹೊಲ ಬಿಡುವ ರೂಢಿ ತಗ್ಗಿ, ತೊಗರಿ, ಉದ್ದು, ಸೋಯಾಬೀನ್ ಬಂದವು. ಅವುಗಳ ಬೆನ್ನಿಗೆ ಕಳೆನಾಶಕದ ಡಬ್ಬಿಗಳು ಬಂದವು. ರೈತನನ್ನು ದೂರುವುದು ನಮ್ಮ ಉದ್ದೇಶವಲ್ಲ. ಆಳು ಸಿಗದ ಊರಿನಲ್ಲಿ, ಕೂಲಿ ಏರಿದ ದಿನಗಳಲ್ಲಿ ಅವನಾದರೂ ಏನು ಮಾಡಿಯಾನು? ಆದರೆ ಔಷಧಕ್ಕೆ ಕಳೆ ಯಾವುದು, ಮಕ್ಕಳ ತಿನಿಸು ಯಾವುದು ಎಂಬ ಭೇದ ತಿಳಿಯದು. ಹೊಲ ಕೈಬಿಟ್ಟ ಹಣ್ಣನ್ನು ಹಿತ್ತಲು ಕೈಹಿಡಿಯಬೇಕಾಗಿದೆ.

ಎರಡು ಬಗೆ, ಒಂದೇ ಕುಲ

ಬುಡ್ಡೆ ಗಿಡ ಬದನೆ, ಟೊಮೆಟೊ, ಮೆಣಸಿನ ಗಿಡಗಳ ದಾಯಾದಿ. ಸಸ್ಯಶಾಸ್ತ್ರಜ್ಞರು ಇದರ ಕುಲಕ್ಕೆ 'ಫೈಸಾಲಿಸ್' ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥವೂ ಬುಡ್ಡೆ, ಗುಳ್ಳೆ ಎಂದೇ! ಹೂವು ಉದುರಿದ ಮೇಲೆ ಅದರ ಹಸಿರು ಪುಷ್ಪಪಾತ್ರೆ ತಾನೇ ಬೆಳೆದು, ಉಬ್ಬಿ, ಕಾಯಿಯನ್ನು ಸುತ್ತಲೂ ಮುಚ್ಚಿಕೊಳ್ಳುತ್ತದೆ. ಅರ್ಜೆಂಟೀನ ದೇಶದ ಪ್ಯಾಟಗೋನಿಯದಲ್ಲಿ ಬುಡ್ಡೆಯ ಸಮೇತ ಕಲ್ಲಾಗಿ ಉಳಿದ ಇಂಥ ಕಾಯಿಗಳು ಸಿಕ್ಕಿದ್ದು, ಅವು 5 ಕೋಟಿ 20 ಲಕ್ಷ ವರ್ಷಗಳಷ್ಟು ಹಳೆಯವು ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಾವು ಹಣೆಗೆ ಬಡಿದು ಒಡೆದ ಬುಡ್ಡೆಗೆ ಇಷ್ಟು ದೀರ್ಘ ವಂಶಾವಳಿ ಇದೆಯೆಂದು ಆಗ ಯಾರಿಗೆ ಗೊತ್ತಿತ್ತು?

ನಮ್ಮ ಬದುಗಳಲ್ಲಿ ತಾನಾಗಿ ಬೆಳೆಯುವ ಜಾತಿಯದು ಸಣ್ಣ ಹಣ್ಣು. ಕೆಲವು ಗಿಡಗಳ ಹಣ್ಣು ಸಿಹಿ, ಕೆಲವುಗಳದು ಕಹಿ. ಪೇಟೆಯಲ್ಲಿ 'ರಸಭರಿ' ಎಂದು ಮಾರುವ ದೊಡ್ಡ ಹಣ್ಣು ದಕ್ಷಿಣ ಅಮೆರಿಕದ ಪೆರು ಮೊದಲಾದ ಬೆಟ್ಟದ ನಾಡುಗಳದು. ಆಫ್ರಿಕದ ದಕ್ಷಿಣ ತುದಿಯ ಕೇಪ್ ಪ್ರಾಂತದಲ್ಲಿ ಅದನ್ನು ಹೇರಳವಾಗಿ ಬೆಳೆದುದರಿಂದ ಇಂಗ್ಲಿಷರು ಅದಕ್ಕೆ 'ಕೇಪ್ ಗೂಸ್‌ಬೆರಿ' ಎಂದರು. ಇದರ ಎಲೆ ಹೃದಯದಾಕಾರದ್ದು, ಮುಟ್ಟಿದರೆ ಮಖಮಲ್ಲಿನಂತೆ ಮೃದು. ಹಳದಿ ಹೂವಿನ ಒಳಗೆ ಐದು ಕಂದು ಕಲೆಗಳು. ಕೈತೋಟಕ್ಕೆ ಇದೇ ಉತ್ತಮ. ಬದುವಿನ ಸಿಹಿ ಗಿಡವೊಂದು ಎಲ್ಲಿಯಾದರೂ ಕಂಡರೆ ಅದರ ಬೀಜವನ್ನೂ ಕಾದಿಡಿರಿ.

ನಮ್ಮಿಂದಾದ ತಪ್ಪು

ಮುಂದೆ ಹೋಗುವ ಮೊದಲು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಶಾಲೆಯ ಪರಸಬಾಗದಲ್ಲಿ ಮೊದಲ ವರ್ಷ ಆರು ಗಿಡ ಹಚ್ಚಿದೆವು. ಹಣ್ಣಿನ ಗುಣಗಾನ ಮಾಡಿದೆವೇ ಹೊರತು ಯಾವಾಗ ತಿನ್ನಬೇಕೆಂಬುದನ್ನು ಹೇಳಿಕೊಡಲಿಲ್ಲ. ಎರಡನೆಯ ಇಯತ್ತೆಯ ಹುಡುಗನೊಬ್ಬ ಹಸಿರು ಕಾಯಿಗಳನ್ನು ಜೇಬು ತುಂಬ ಹರಿದುಕೊಂಡು ತಿಂದ. ರಾತ್ರಿಯೆಲ್ಲ ವಾಂತಿ, ಹೊಟ್ಟೆನೋವು. ಮರುದಿನ ಅವನ ತಾಯಿ ಶಾಲೆಗೆ ಬಂದು, "ಗುರುಗಳೇ, ಸಾಲಿಗೆ ಕಳಿಸಿದ ಕೂಸಿಗೆ ಹಿಂಗ ಆಗಬೇಕಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಸಹಿಸಬಹುದಾಗಿತ್ತು. ಹುಡುಗ ಎರಡು ದಿನದಲ್ಲಿ ಗುಣವಾದ. ಶಿಕ್ಷಕ ತರಬೇತಿಯಲ್ಲಿ 'ತಿಳಿದುದರಿಂದ ತಿಳಿಯದುದರ ಕಡೆಗೆ' ಎಂದು ಕಲಿತ ನಾವು, ನಮಗೆ ತಿಳಿದುದು ಮಕ್ಕಳಿಗೂ ತಿಳಿದಿದೆ ಎಂದು ಭಾವಿಸಿದ್ದೆವು. ತಪ್ಪು ನಮ್ಮದೇ.

ಆದ್ದರಿಂದ ತಂದೆತಾಯಿಗಳು ಈ ಮಾತುಗಳನ್ನು ಮಕ್ಕಳಿಗೆ ಮೊದಲೇ ಕಲಿಸಿರಿ. ಈ ಗಿಡದ ಎಲೆ, ಕಾಂಡ, ಬುಡ್ಡೆ ಮತ್ತು ಹಸಿರು ಕಾಯಿಗಳಲ್ಲಿ ವಿಷಾಂಶವಿದೆ. ಪೂರ್ತಿ ಪಕ್ವವಾದ ಹಣ್ಣು ಮಾತ್ರ ತಿನ್ನತಕ್ಕದ್ದು. ಬುಡ್ಡೆ ಒಣಗಿ ಜೋಳದ ರವದಿಯ ಬಣ್ಣಕ್ಕೆ ಬಂದಿರಬೇಕು. ಒಳಗಿನ ಹಣ್ಣು ಹಸಿರು ಛಾಯೆ ಸ್ವಲ್ಪವೂ ಇಲ್ಲದೆ ಹೊಂಬಣ್ಣವಾಗಿರಬೇಕು. ಮುಟ್ಟಿದೊಡನೆ ತಾನಾಗಿ ಕೈಗೆ ಬರಬೇಕು. ನಾಲಿಗೆಗೆ ಕಹಿಯೆನಿಸಿದರೆ ಉಗುಳಿಬಿಡಬೇಕು. ಇನ್ನೊಂದು ಎಚ್ಚರಿಕೆ: ನಮ್ಮ ಬೀಳು ನೆಲಗಳಲ್ಲಿ ಬೆಳೆಯುವ ಅಶ್ವಗಂಧಕ್ಕೂ, ಅಂದರೆ ಹಿರೇಮದ್ದಿನ ಗಿಡಕ್ಕೂ, ಇಂಥದೇ ಚಿಕ್ಕ ಬುಡ್ಡೆ ಇರುತ್ತದೆ. ಅದರೊಳಗಿನ ಹಣ್ಣು ಕೆಂಪು. ಅದು ತಿನ್ನುವ ಹಣ್ಣಲ್ಲ. ಗುರುತು ಖಚಿತವಿಲ್ಲದ ಗಿಡವನ್ನು ಮುಟ್ಟದಿರುವುದೇ ಜಾಣತನ.

ಬೆಳೆಸುವ ಕ್ರಮ

ಬೀಜಕ್ಕಾಗಿ ದೂರ ಹೋಗಬೇಕಿಲ್ಲ. ಚಳಿಗಾಲದಲ್ಲಿ ಪೇಟೆಯಿಂದ ಒಂದು ಡಬ್ಬಿ ಹಣ್ಣು ತಂದರೆ ಇಡೀ ಓಣಿಗೆ ಸಾಕಾಗುವಷ್ಟು ಬೀಜ ಸಿಗುತ್ತದೆ. ಚೆನ್ನಾಗಿ ಪಕ್ವವಾದ ಹಣ್ಣನ್ನು ನೀರಿನಲ್ಲಿ ಕಿವುಚಿ ಒಂದು ದಿನ ಬಿಡಿರಿ. ತಿರುಳು ಮೇಲೆ ತೇಲುತ್ತದೆ, ಒಳ್ಳೆಯ ಬೀಜ ತಳಕ್ಕೆ ನಿಲ್ಲುತ್ತದೆ. ತೊಳೆದು ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಡಿರಿ.

ಜೂನ್ ತಿಂಗಳಲ್ಲಿ ಮೃಗಶಿರ ಮಳೆ ಕೂಡಿದಾಗ ಒಂದು ಹಳೆಯ ಬುಟ್ಟಿಯಲ್ಲಾಗಲಿ, ತಳ ತೂತು ಮಾಡಿದ ಡಬ್ಬದಲ್ಲಾಗಲಿ ಮಣ್ಣು ಮತ್ತು ಹಳೆಯ ತಿಪ್ಪೆಗೊಬ್ಬರ ಕೂಡಿಸಿ ಬೀಜ ಚೆಲ್ಲಿರಿ. ಬೀಜ ಬಹಳ ಸಣ್ಣದು. ಮೇಲೆ ಮಣ್ಣು ತೆಳ್ಳಗೆ ಉದುರಿಸಿದರೆ ಸಾಕು. ಸುಮಾರು ಎರಡು ವಾರಗಳಲ್ಲಿ ಮೊಳೆಯುತ್ತದೆ. ಸಸಿ ಗೇಣುದ್ದವಾದಾಗ ಕಿತ್ತು, ಎರಡೂವರೆಯಿಂದ ಮೂರು ಅಡಿ ಅಂತರದಲ್ಲಿ ನೆಡಬೇಕು. ನಮ್ಮ ಎರೆ ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಸ್ವಲ್ಪ ಉಸುಕು ಅಥವಾ ಗರಸು ಬೆರೆಸಿ ಮಡಿಯನ್ನು ಎತ್ತರಿಸಿಕೊಳ್ಳಿರಿ. ಹಿಂದಿನ ವರ್ಷ ಬದನೆ, ಟೊಮೆಟೊ, ಮೆಣಸು ಬೆಳೆದ ಜಾಗ ಬೇಡ. ಅವುಗಳ ರೋಗವೇ ಇದಕ್ಕೂ ತಗಲುತ್ತದೆ.

ಪ್ರೀತಿ ಹೆಚ್ಚಾಗಿ ಗೊಬ್ಬರ ಸುರಿಯಬೇಡಿರಿ. ಸೊಕ್ಕಿ ಬೆಳೆದ ಗಿಡ ಎಲೆಯನ್ನೇ ಬಿಡುತ್ತದೆ, ಕಾಯಿ ಬಿಡುವುದಿಲ್ಲ. ಶಾಲೆಯಲ್ಲಿಯೂ ಅತಿ ಮುದ್ದಿನ ಮಕ್ಕಳ ಗತಿ ಇದೇ ಎಂಬುದನ್ನು ನಾವು ಕಂಡಿದ್ದೇವೆ! ಹೂ ಬಿಡುವಾಗ ಮತ್ತು ಕಾಯಿ ಬಲಿಯುವಾಗ ನೆಲ ಒಣಗದಂತೆ ನೋಡಿಕೊಂಡರೆ ಸಾಕು. ಅಕ್ಕಿ, ಕಾಯಿಪಲ್ಲೆ ತೊಳೆದ ನೀರೇ ಆದೀತು. ಕೊಂಬೆಗಳು ಹರಡಿ ಬಾಗುವುದರಿಂದ ತೊಗರಿ ಕಟ್ಟಿಗೆಯ ಆಸರೆ ಕೊಡಬೇಕು. ಎಲೆ ತಿನ್ನುವ ಚುಕ್ಕೆಹುಳುಗಳನ್ನು ಬೆಳಿಗ್ಗೆ ಕೈಯಿಂದಲೇ ಆರಿಸಿರಿ. ಸೊಲ್ಲಾಪುರದ ಚಾಳುಗಳಲ್ಲಿ ಇರುವವರಿಗೆ ಹಿತ್ತಲೆಲ್ಲಿಂದ ಬರಬೇಕು? ಅವರು ಒಂದಡಿ ಆಳದ ಕುಂಡದಲ್ಲಿ, ಬಿಸಿಲು ಬೀಳುವ ಮಾಳಿಗೆಯ ಮೇಲೆ ಒಂದೊಂದೇ ಗಿಡ ಬೆಳೆಸಬಹುದು.

ದೀಪಾವಳಿ ಕಳೆದ ಮೇಲೆ ಹಣ್ಣು ಆರಂಭವಾಗಿ, ಸೊಲ್ಲಾಪುರದ ಸಿದ್ಧರಾಮೇಶ್ವರರ ಸಂಕ್ರಾಂತಿ ಜಾತ್ರೆಯ ಹೊತ್ತಿಗೆ ಭರ್ತಿಯಾಗಿ, ಬಿಸಿಲು ಬಲಿತೊಡನೆ ಗಿಡ ಒಣಗುತ್ತದೆ. ಹಣ್ಣು ಕೊಯ್ಯುವ ಕಷ್ಟವೂ ಇಲ್ಲ. ಪಕ್ವವಾದುದು ತಾನೇ ಉದುರುತ್ತದೆ. ಬುಡಕ್ಕೆ ರವದಿ ಹಾಸಿ, ಬೆಳಿಗ್ಗೆ ಆರಿಸಿಕೊಂಡರೆ ಆಯಿತು. ಆರಿಸದೆ ಉಳಿದವು ಮುಂದಿನ ಮಳೆಗೆ ತಾವೇ ಮೊಳೆಯುತ್ತವೆ.

ಅಡಿಗೆಮನೆಯಲ್ಲಿ

ಬುಡ್ಡೆ ಬಿಡಿಸದೆ ಗಾಳಿಯಾಡುವ ಬುಟ್ಟಿಯಲ್ಲಿಟ್ಟರೆ ಹಣ್ಣು ಕೆಲವು ವಾರ ಕೆಡುವುದಿಲ್ಲ. ಅದು ದೇವರೇ ಕೊಟ್ಟ ಪೊಟ್ಟಣ. ತಿನ್ನುವ ಮುಂದೆ ಬಿಡಿಸಿ, ಮೈಯ ಅಂಟು ಹೋಗುವಂತೆ ತೊಳೆಯಬೇಕು. ಎ ಮತ್ತು ಸಿ ಜೀವಸತ್ವಗಳು ಇದರಲ್ಲಿವೆ.

ಚಟ್ನಿ ಮಾಡುವವರು ಒಂದು ವಾಟಿ ಹಣ್ಣನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ, ಅರ್ಧ ವಾಟಿ ಹುರಿದ ಶೇಂಗಾ, ನಾಲ್ಕು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕೂಡಿಸಿ ಒರಳಿನಲ್ಲಿ ಕುಟ್ಟಬೇಕು. ಹುಣಸೆಹಣ್ಣು ಬೇಕಿಲ್ಲ, ಬೆಲ್ಲವೂ ಬೇಕಿಲ್ಲ. ಹುಳಿ ಸಿಹಿ ಎರಡೂ ಹಣ್ಣಿನಲ್ಲಿಯೇ ಇವೆ. ಕಡಕ್ ರೊಟ್ಟಿಯೊಡನೆ ಇದರ ರುಚಿಯನ್ನು ತಿಂದೇ ತಿಳಿಯಬೇಕು. ಮುರಬ್ಬಕ್ಕೆ ಒಂದು ಕಿಲೋ ಹಣ್ಣಿಗೆ ಮುಕ್ಕಾಲು ಕಿಲೋ ಸಕ್ಕರೆ. ಹಣ್ಣನ್ನು ಎರಡು ಹೋಳು ಮಾಡಿ ಸಣ್ಣ ಉರಿಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಸಕ್ಕರೆ ಹಾಕಿ ತಿರುವುತ್ತಿರಿ. ಒಂದು ಹನಿ ತಟ್ಟೆಯ ಮೇಲೆ ಹರಿಯದೆ ನಿಂತರೆ ಇಳಿಸಬಹುದು. ಹಣ್ಣಿನಲ್ಲಿಯೇ ಗಟ್ಟಿಗೊಳಿಸುವ ಪೆಕ್ಟಿನ್ ಎಂಬ ಅಂಶ ಇರುವುದರಿಂದ ಬೇರೇನೂ ಬೆರೆಸಬೇಕಿಲ್ಲ. ಹೆಚ್ಚಾದ ಹಣ್ಣನ್ನು ಸೀಳಿ ಬಿಸಿಲಿನಲ್ಲಿ ಒಣಗಿಸಿದರೆ ಒಣದ್ರಾಕ್ಷಿಯಂತೆ ಬಹುದಿನ ಬಾಳುತ್ತದೆ.

ಕೊನೆಯ ಮಾತು

ಸೊಲ್ಲಾಪುರ ಜಿಲ್ಲೆ ಇಂದು ದಾಳಿಂಬೆಗೆ ಪ್ರಸಿದ್ಧ. ದಾಳಿಂಬೆಯ ರಾಷ್ಟ್ರೀಯ ಸಂಶೋಧನ ಕೇಂದ್ರವೇ 2005ರಲ್ಲಿ ಸೊಲ್ಲಾಪುರಕ್ಕೆ ಬಂದಿತು. ಅದು ಬಂಡವಾಳವುಳ್ಳವರ ಬೆಳೆ. ಬುಡ್ಡೆ ಹಣ್ಣು ಒಂದು ಮೊಳ ನೆಲ ಉಳ್ಳವರ ಬೆಳೆ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಸಾಯಂಕಾಲ ಶಾಲೆ ಬಿಟ್ಟು ಬಂದ ಮಗು ಹತ್ತು ರೂಪಾಯಿಯ ಪಾಕೀಟಿಗಾಗಿ ಅಂಗಡಿಗೆ ಓಡುವ ಬದಲು ಹಿತ್ತಲಿಗೆ ಓಡುವುದು ಸಣ್ಣ ಲಾಭವೇನಲ್ಲ.

ನಮ್ಮ ಪರಸಬಾಗದಲ್ಲಿ ಈಗಲೂ ಬುಡ್ಡೆ ಗಿಡಗಳಿವೆ. ಪಕ್ವವಾದುದು ಯಾವುದು, ಆಗದುದು ಯಾವುದು ಎಂಬುದನ್ನು ಸಣ್ಣವರಿಗೆ ಹೇಳಿಕೊಡುವ ಹೊಣೆಯನ್ನು, ಅಂದು ಹಸಿರು ಕಾಯಿ ತಿಂದು ಮಲಗಿದ ಹುಡುಗನಿಗೇ ವಹಿಸಿದ್ದೇವೆ. ಅವನಷ್ಟು ಕಟ್ಟುನಿಟ್ಟಿನ ಗುರು ನಮ್ಮ ಶಾಲೆಯಲ್ಲಿ ಇನ್ನೊಬ್ಬನಿಲ್ಲ. ಅವನ ತಾಯಿಯೂ ಕಳೆದ ಜೂನ್ ತಿಂಗಳಲ್ಲಿ ಎರಡು ಸಸಿಗಳನ್ನು ಕೇಳಿ ಒಯ್ದರು.