ತಂಪಿಗೆ ಇಷ್ಟೊಂದು ಸದ್ದು ಬೇಕಿಲ್ಲ

ಡೆಸ್ಕ್‌ಟಾಪ್ ಕಂಪ್ಯೂಟರ್ ಎಂದಮೇಲೆ ಗುಂಯ್‌ಗುಡಲೇಬೇಕು ಎಂದು ಬಹಳ ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ಸದ್ದು ತಡೆಯಲಾರದಷ್ಟಾದಾಗ ಹೊಳೆಯುವ ದಾರಿಗಳೆಲ್ಲ ದುಬಾರಿಯವೇ: ದೊಡ್ಡ ಕೂಲರ್, ವಾಟರ್ ಕೂಲಿಂಗ್, ಇಲ್ಲವೇ ಕ್ಯಾಬಿನೆಟ್ಟನ್ನೇ ಬದಲಾಯಿಸುವುದು. ಇವು ಕೊನೆಗೆ ಯೋಚಿಸಬೇಕಾದವು. ಮನೆಯಲ್ಲೋ ಸಣ್ಣ ಕಚೇರಿಯಲ್ಲೋ ಬಳಸುವ ಸಾಧಾರಣ ಕಂಪ್ಯೂಟರಿನಲ್ಲಿ ಫ್ಯಾನುಗಳು ಅಷ್ಟು ಜೋರಾಗಿ ಓಡುವುದು ಬಹುಮಟ್ಟಿಗೆ ಯಂತ್ರಕ್ಕೆ ಅಗತ್ಯವೇ ಇಲ್ಲದ ಐದಾರು ಡಿಗ್ರಿ ತಂಪಿಗಾಗಿ. ಆ ಐದಾರು ಡಿಗ್ರಿಯ ಆಸೆ ಬಿಟ್ಟರೆ ಕಿವಿಗೆ ಕೇಳುವ ಸದ್ದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಖರ್ಚು ಹೆಚ್ಚೆಂದರೆ ಕೆಲವು ನೂರು ರೂಪಾಯಿ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಕಂಪ್ಯೂಟರೊಂದು 200 ವಾಟ್ ವಿದ್ಯುತ್ ಎಳೆಯುತ್ತಿದೆ ಎನ್ನೋಣ. ಅಷ್ಟೂ ಕೊನೆಗೆ ಶಾಖವಾಗಿ ಹೊರಬೀಳಬೇಕು. ಕ್ಯಾಬಿನೆಟ್ಟಿನ ಮೂಲಕ ಸೆಕೆಂಡಿಗೆ ಸುಮಾರು 17 ಲೀಟರ್ ಗಾಳಿ ಹಾದುಹೋದರೆ, ಹೊರಬರುವ ಗಾಳಿ ಒಳಹೊಕ್ಕ ಗಾಳಿಗಿಂತ 10 ಡಿಗ್ರಿ ಬಿಸಿಯಾಗಿರುತ್ತದೆ. 120 ಮಿಲಿಮೀಟರಿನ ಎರಡು ಫ್ಯಾನುಗಳು ನಿಧಾನವಾಗಿ ತಿರುಗಿದರೂ ಇಷ್ಟು ಗಾಳಿ ಸಿಗುತ್ತದೆ. ಈಗ ವೇಗವನ್ನು ಎರಡು ಪಟ್ಟು ಮಾಡಿ. ಗಾಳಿಯೂ ಹೆಚ್ಚುಕಡಿಮೆ ಎರಡು ಪಟ್ಟಾಗಿ, 10 ಡಿಗ್ರಿ ಇದ್ದದ್ದು 5 ಆಗುತ್ತದೆ. ಸಿಕ್ಕ ಲಾಭ ಐದೇ ಡಿಗ್ರಿ. ಮತ್ತೊಮ್ಮೆ ಎರಡು ಪಟ್ಟು ಮಾಡಿದರೆ ಎರಡೂವರೆ ಡಿಗ್ರಿ. ಸದ್ದು ಮಾತ್ರ ಹೀಗೆ ರಿಯಾಯಿತಿ ಕೊಡುವುದಿಲ್ಲ. ವೇಗ ಇಮ್ಮಡಿಯಾದಾಗಲೆಲ್ಲ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿದರೇ ಕಿವಿಗೆ ಎರಡು ಪಟ್ಟು ಜೋರಾದಂತೆ ಕೇಳುತ್ತದೆ. ಅಂದರೆ ಮೊದಲ ಐದು ಡಿಗ್ರಿಗೆ ಹೆಚ್ಚುಕಡಿಮೆ ಮೂರು ಪಟ್ಟು ಗದ್ದಲ, ಆಮೇಲಿನ ಎರಡೂವರೆ ಡಿಗ್ರಿಗೆ ಮತ್ತೆ ಅಷ್ಟೇ ಪಟ್ಟು. ಫ್ಯಾನು ಕಡಿಮೆ ಮಾಡಿದರೆ ಸದ್ದು ಕಡಿಮೆಯಾಗುತ್ತದೆ ಎಂದು ಒಂದೆರಡನ್ನು ಕಿತ್ತುಹಾಕುವವರೂ ಇದೇ ಲೆಕ್ಕವನ್ನು ನೋಡಬೇಕು. ಒಂದೇ ಬಗೆಯ ಎರಡು ಫ್ಯಾನುಗಳಲ್ಲಿ ಒಂದನ್ನು ನಿಲ್ಲಿಸಿದರೆ ಇಳಿಯುವುದು 3 ಡೆಸಿಬೆಲ್. ಅದು ಕಿವಿಗೆ ತಿಳಿದೂ ತಿಳಿಯದಷ್ಟು. ಎರಡನ್ನೂ ಉಳಿಸಿಕೊಂಡು ಅರ್ಧ ವೇಗದಲ್ಲಿ ಓಡಿಸಿದರೆ ಗಾಳಿ ಸುಮಾರು ಅಷ್ಟೇ ಬರುತ್ತದೆ, ಸದ್ದು 15 ಡೆಸಿಬೆಲ್ ಇಳಿಯುತ್ತದೆ.

ಬಿಸಿ ಏರಿದರೆ ಯಂತ್ರ ಕೆಡುವುದಿಲ್ಲವೇ ಎಂಬ ಆತಂಕ ಸಹಜವಾದದ್ದು, ಅದಕ್ಕೆ ನೇರವಾಗಿ ಉತ್ತರಿಸಬೇಕು. ಡೆಸ್ಕ್‌ಟಾಪಿಗೆ ಬರುವ ಇಂಟೆಲ್ ಪ್ರೊಸೆಸರುಗಳಲ್ಲಿ ಹೆಚ್ಚಿನವು ಸುಮಾರು 100 ಡಿಗ್ರಿಯ ಮಿತಿಯವು. ಎಎಂಡಿಯ ರೈಜನ್ 7000 ಸರಣಿಯ ಹಲವು ಪ್ರೊಸೆಸರುಗಳನ್ನು 95 ಡಿಗ್ರಿಯಲ್ಲಿ ದುಡಿಯುವಂತೆಯೇ ವಿನ್ಯಾಸ ಮಾಡಲಾಗಿದೆ. ಮಿತಿ ತಲುಪಿದ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಹೀಗಿರುವಾಗ ಪೂರ್ತಿ ದುಡಿಮೆಯಲ್ಲಿ 75 ಡಿಗ್ರಿ ಕಂಡರೆ ಗಾಬರಿಪಡಬೇಕಾದ್ದಿಲ್ಲ. ಅದನ್ನು 60ಕ್ಕೆ ಇಳಿಸಿದರೆ ಯಂತ್ರವೇನೂ ಚುರುಕಾಗುವುದಿಲ್ಲ. ಹಾರ್ಡ್‌ಡಿಸ್ಕಿನ ವಿಷಯದಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ದಾಖಲೆ ನೋಡಿ ಬರೆದ ಪ್ರಬಂಧವಿದೆ. ಸಾಧಾರಣ ಉಷ್ಣತೆಗಳಲ್ಲಿ ಬಿಸಿ ಹೆಚ್ಚಾದಂತೆ ಡಿಸ್ಕುಗಳು ಹೆಚ್ಚು ಕೆಡುತ್ತವೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ತೀರಾ ಬಿಸಿಯಲ್ಲಿ, ಅದರಲ್ಲೂ ಹಳೆಯ ಡಿಸ್ಕುಗಳಲ್ಲಿ ಮಾತ್ರ ಆ ಸಂಬಂಧ ಕಂಡಿತು. ಮದರ್‌ಬೋರ್ಡಿನ ಕೆಪಾಸಿಟರುಗಳ ಆಯಸ್ಸು ಬಿಸಿಯಲ್ಲಿ ಕುಗ್ಗುತ್ತದೆ ಎಂಬುದು ನಿಜವೇ. ಆದರೆ ಇಲ್ಲಿ ಬಿಟ್ಟುಕೊಡಿ ಎನ್ನುತ್ತಿರುವುದು ಐದಾರು ಡಿಗ್ರಿ, ಇಪ್ಪತ್ತಲ್ಲ.

ಕೈಹಾಕಬೇಕಾದ ಮೊದಲ ಕೆಲಸ ಧೂಳು ತೆಗೆಯುವುದು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಟ್ಟಿದರೆ ಗಾಳಿಗೆ ದಾರಿಯೇ ಇರುವುದಿಲ್ಲ, ಫ್ಯಾನು ಬರಿದೇ ಅರಚುತ್ತಿರುತ್ತದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಹೊರಗೆ ಒಯ್ದು, ಮೆತ್ತನೆಯ ಬ್ರಷ್ಷಿನಿಂದಲೋ ಬ್ಲೋವರಿನಿಂದಲೋ ಸ್ವಚ್ಛ ಮಾಡಬಹುದು. ಗಾಳಿ ಊದುವಾಗ ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಬೇಕು. ಹಲವು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರುವ ಸಂಭವ ಹೆಚ್ಚು. ಹಳೆಯದನ್ನು ಒರೆಸಿ ಹೊಸದನ್ನು ಹಚ್ಚಿದರೆ ಅಷ್ಟರಿಂದಲೇ ಕೆಲವು ಡಿಗ್ರಿ ಇಳಿಯಬಹುದು.

ಇದಾದ ಮೇಲೆ ಬಯೋಸ್. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಸಾಮಾನ್ಯವಾಗಿ ಅದು ತೆರೆದುಕೊಳ್ಳುತ್ತದೆ, ಯಾವ ಉಷ್ಣತೆಗೆ ಫ್ಯಾನು ಎಷ್ಟು ವೇಗದಲ್ಲಿ ಓಡಬೇಕೆಂಬುದನ್ನು ಅಲ್ಲೇ ನಿಗದಿ ಮಾಡಬಹುದು. 60 ಡಿಗ್ರಿಯವರೆಗೂ ಫ್ಯಾನನ್ನು ಕನಿಷ್ಠ ವೇಗದಲ್ಲೇ ಇಟ್ಟು, ಅಲ್ಲಿಂದ ಮೆಲ್ಲಗೆ ಏರಿಸುತ್ತ, 85ರ ಹೊತ್ತಿಗೆ ಪೂರ್ತಿ ವೇಗಕ್ಕೆ ತರುವುದು ನನಗೆ ಒಪ್ಪಿಗೆಯಾಗುವ ಕ್ರಮ. ಮನುಷ್ಯನ ಕಿವಿಗೆ ಒಂದೇ ಸಮನಾದ ಸದ್ದಿಗಿಂತ ಏರಿಳಿಯುವ ಸದ್ದು ಹೆಚ್ಚು ಹಿಂಸೆ. ಬ್ರೌಸರಿನಲ್ಲಿ ಒಂದು ಪುಟ ತೆರೆದರೂ ಪ್ರೊಸೆಸರಿನ ಬಿಸಿ ಕ್ಷಣಮಾತ್ರದಲ್ಲಿ ಹತ್ತು ಡಿಗ್ರಿ ಜಿಗಿದು ಮತ್ತೆ ಇಳಿಯುತ್ತದೆ, ಫ್ಯಾನು ಅದರ ಬೆನ್ನುಹತ್ತಿ ಬುಸುಗುಟ್ಟುತ್ತದೆ. ಲೋಹದ ಹೀಟ್‌ಸಿಂಕ್ ಅಷ್ಟು ಬೇಗ ಕಾಯುವಂಥದ್ದಲ್ಲವಾದ್ದರಿಂದ ಆ ಓಟದಿಂದ ಪ್ರಯೋಜನವೇನೂ ಇಲ್ಲ. ಫ್ಯಾನು ವೇಗ ಬದಲಿಸುವ ಮುನ್ನ ಕೆಲವು ಸೆಕೆಂಡು ಕಾಯುವಂತೆ ಮಾಡುವ ಆಯ್ಕೆ ಹಲವು ಬಯೋಸ್‌ಗಳಲ್ಲಿದೆ. ಅದೊಂದನ್ನು ಹೊಂದಿಸಿದರೂ ಕೋಣೆಯ ಶಾಂತಿ ಮರಳುತ್ತದೆ. ಕಂಪನಿಗಳು ಜೋಡಿಸಿಯೇ ಮಾರುವ ಕೆಲವು ಕಚೇರಿ ಕಂಪ್ಯೂಟರುಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ. ಬಳಕೆದಾರನಿಗೆ ಸೇರಬೇಕಾದ ಹಕ್ಕೊಂದನ್ನು ಕಿತ್ತುಕೊಂಡಂತೆ ಅದು ಎಂದು ನನ್ನ ಭಾವನೆ.

ಬಿಸಿಯನ್ನು ಹೊರಹಾಕುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಇನ್ನೂ ಅಗ್ಗ. ಪ್ರೊಸೆಸರ್ ದುಡಿಯುವಾಗ ಎಳೆಯುವ ವಿದ್ಯುತ್ತಿನ ಬಹುಪಾಲು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಬದಲಿಸದೆ ವೋಲ್ಟೇಜನ್ನು ಶೇಕಡ 10ರಷ್ಟು ಇಳಿಸಿದರೆ ಆ ಪಾಲಿನ ಶಾಖ ಶೇಕಡ 19ರಷ್ಟು ಇಳಿಯುತ್ತದೆ. ಎಲ್ಲ ಚಿಪ್ಪುಗಳೂ ಇಷ್ಟು ಇಳಿತವನ್ನು ತಾಳುವುದಿಲ್ಲ, ಹಾಗಾಗಿ ಅಭ್ಯಾಸವಿಲ್ಲದವರಿಗೆ ವಿದ್ಯುತ್ ಮಿತಿ ಹಾಕುವುದೇ ಸುರಕ್ಷಿತ. ಎಎಂಡಿ ತಾನೇ ‘ಇಕೋ ಮೋಡ್’ ಕೊಟ್ಟಿದೆ. ಗ್ರಾಫಿಕ್ಸ್ ಕಾರ್ಡುಗಳಿಗೂ ಉಚಿತ ತಂತ್ರಾಂಶದಿಂದ ಮಿತಿ ಹಾಕಬಹುದು. ದುಡ್ಡು ಕೊಟ್ಟು ಕೊಂಡ ವೇಗವನ್ನು ಏಕೆ ಬಿಡಬೇಕು ಎಂದು ಕೇಳುವವರಿದ್ದಾರೆ. ಚಿಪ್ಪಿನ ವೇಗದ ಕೊನೆಯ ಕೆಲವು ಶೇಕಡಕ್ಕೇ ಅತಿ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ಬರೆಯುವುದು, ಲೆಕ್ಕಪತ್ರ, ಸಿನಿಮಾ ನೋಡುವುದು ಇಂಥ ಕೆಲಸಗಳಲ್ಲಿ ಆ ಕೆಲವು ಶೇಕಡ ಹೋದದ್ದು ಗೊತ್ತೂ ಆಗದು. ದಿನವಿಡೀ ವಿಡಿಯೊ ಎಡಿಟಿಂಗ್ ಮಾಡುವವರು ಮಾತ್ರ ಎರಡನ್ನೂ ತೂಗಿ ನೋಡಬೇಕು.

ತಂಪು ದೇಶದವರ ಸಲಹೆ ನಮ್ಮ ಬಿಸಿಲಿಗೆ ಹೊಂದುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೋಣೆಯ ಉಷ್ಣತೆ ಏರಿದಷ್ಟು ಚಿಪ್ಪಿನ ಉಷ್ಣತೆಯೂ ಏರುತ್ತದೆ. ಬೆಂಗಳೂರಿನ 27 ಡಿಗ್ರಿಯ ಕೋಣೆಯಲ್ಲಿ 72 ತೋರಿಸುವ ಯಂತ್ರ, ಮೇ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ 42 ಡಿಗ್ರಿಯ ಮಧ್ಯಾಹ್ನ 87ರ ಹತ್ತಿರ ಹೋಗುತ್ತದೆ. ಆದ್ದರಿಂದ ಜನವರಿಯಲ್ಲಿ ಹೊಂದಿಸಿದ್ದನ್ನು ಬೇಸಿಗೆಯಲ್ಲಿ ಮತ್ತೊಮ್ಮೆ ನೋಡಲೇಬೇಕು. ಬೇಸಿಗೆಗೆ ಫ್ಯಾನು ತುಸು ಜೋರಾಗಿ ಓಡುವ ಹೊಂದಾಣಿಕೆಯನ್ನು ಬೇರೆ ಇಟ್ಟುಕೊಂಡರಾಯಿತು. ಆ ದಿನಗಳಲ್ಲಿ ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಲೇ ಇರುವುದರಿಂದ ಈ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ಕ್ಯಾಬಿನೆಟ್ಟಿನೊಳಗೆ ಫೋಮ್ ಅಂಟಿಸುವುದನ್ನೂ ಮೇಜಿನ ಮುಚ್ಚಿದ ಕಪಾಟಿನಲ್ಲಿ ಅದನ್ನು ಅಡಗಿಸಿಡುವುದನ್ನೂ ಮಾತ್ರ ಯಾವ ಕಾಲದಲ್ಲೂ ಮಾಡಬಾರದು. ಹೊರಬಂದ ಬಿಸಿಗಾಳಿಯೇ ಮತ್ತೆ ಒಳಹೋಗಿ, ಇಳಿಸಿದ ವೇಗವೆಲ್ಲ ವಾಪಸ್ಸು ಬರುತ್ತದೆ.

ಇಷ್ಟಾದರೂ ತಗ್ಗಿನ ಗುಂಗು ಉಳಿದರೆ ಹಾರ್ಡ್‌ಡಿಸ್ಕಿನ ಮೇಲೆ ಅನುಮಾನಪಡಬೇಕು. ನಿಮಿಷಕ್ಕೆ 7200 ಸುತ್ತಿನ ಡಿಸ್ಕು ಸೆಕೆಂಡಿಗೆ 120 ಬಾರಿ ನಡುಗುತ್ತದೆ, ಆ ನಡುಕ ಕ್ಯಾಬಿನೆಟ್ಟಿನ ತಗಡಿಗೂ ಮೇಜಿನ ಹಲಗೆಗೂ ಇಳಿದು ದೊಡ್ಡದಾಗುತ್ತದೆ. ಡಿಸ್ಕಿನ ಸ್ಕ್ರೂಗಳಿಗೆ ರಬ್ಬರ್ ವಾಷರ್, ಕ್ಯಾಬಿನೆಟ್ಟಿನ ಕಾಲಡಿಗೆ ದಪ್ಪ ರಬ್ಬರ್ ತುಂಡು ಸಾಕಾಗಬಹುದು. ಎಸ್‌ಎಸ್‌ಡಿ ಹಾಕಿಸಿ ಹಳೆಯ ಡಿಸ್ಕನ್ನು ತೆಗೆದರೆ ಆ ಸದ್ದು ಪೂರ್ತಿ ನಿಲ್ಲುತ್ತದೆ. ಫ್ಯಾನು ಕರಕರ ಎನ್ನುತ್ತಿದ್ದರೆ ಅದರ ಬೇರಿಂಗ್ ಸವೆದಿದೆ ಎಂದೇ ಅರ್ಥ, ಅದನ್ನು ಬದಲಾಯಿಸಬೇಕು. ಬದಲಾಯಿಸುವಾಗ ಜಾಗವಿದ್ದರೆ 80 ಮಿಲಿಮೀಟರಿನ ಬದಲು 120 ಅಥವಾ 140 ಮಿಲಿಮೀಟರಿನದನ್ನೇ ಕೊಳ್ಳುವುದು ಮೇಲು, ದೊಡ್ಡ ಫ್ಯಾನು ಕಡಿಮೆ ಸುತ್ತಿನಲ್ಲೇ ಅಷ್ಟು ಗಾಳಿ ಕೊಡುತ್ತದೆ. ಸದ್ದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಬರುತ್ತಿದ್ದರೆ ಅದನ್ನು ಬಿಚ್ಚುವ ಸಾಹಸ ಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಹೊರಗಿನಿಂದ ಧೂಳು ಊದಿ ನೋಡಿ, ಸದ್ದು ಹೋಗದಿದ್ದರೆ ಬೇರೆಯದನ್ನು ಹಾಕಿಸಿ.